ಅಪ್ಪನ ಹೊದಿಕೆ

ಮಾತಿ ಅಂಗಳದಲ್ಲಿ ಕೂತು ಬಿತ್ತನೆಯ ಆಲೂಗಡ್ಡೆ ಕತ್ತರಿಸುತ್ತಿದ್ದಳು. ಕುಡುಗೋಲಿನ ಹಿಡಿಯನ್ನು ಪಾದದಡಿ ಒತ್ತಿಟ್ಟು, ಮೇಲಕ್ಕೆ ನಿಂತ ಅಲಗಿಗೆ ಗಡ್ಡೆಯನ್ನು ತಿರುಗಿಸಿ ತಿರುಗಿಸಿ ಒತ್ತುವುದು. ಪ್ರತಿ ಹೋಳಿಗೂ ಎರಡು ಕಣ್ಣಾದರೂ ಉಳಿಯಬೇಕು. ಹಸಿ ಬದಿಯನ್ನು ಬೂದಿಗೆ ಅದ್ದಿ ಬುಟ್ಟಿಗೆ ಹಾಕಬೇಕು. ಅರ್ಧ ಮೂಟೆ ಮುಗಿದಿತ್ತು. ಅಷ್ಟರಲ್ಲಿ ಎಮ್ಮೆದೊಡ್ಡಿಯಲ್ಲಿ ಏನೋ ಉರುಳಿದ ಸದ್ದಾಯಿತು, ಅದರ ಹಿಂದೆಯೇ ತಮ್ಮನ ಕೂಗು.

“ಅಕ್ಕಾ! ಸೊಟ್ಟಿ ಎನ್ನ ಒದ್ದುಬುಟ್ಟಿತು!”

ಮಾತಿ ಎದ್ದು ದೊಡ್ಡಿಯ ಕಲ್ಲುಗೋಡೆಯ ತನಕ ಓಡಿ ಅಲ್ಲೇ ನಿಂತಳು. ಹಾಲು ಕರೆಯುವ ಹೊತ್ತಿಗೆ ಹೆಂಗಸರು ಆ ಗೋಡೆ ದಾಟುವಂತಿಲ್ಲ. ಒಳಗೆ ಭೋಜನ್ ನೆಲದಲ್ಲಿ ಕೂತಿದ್ದ. ಹಡಗಿನಲ್ಲಿ ತಂದ ಬೂದುಬಣ್ಣದ ಪ್ಯಾಂಟಿನ ಮೇಲೆ ಹಾಲು, ಸಗಣಿ ಎರಡೂ ಇದ್ದವು. ಬಿದಿರಿನ ಕೊಳಗ ಒಂದು ಮೂಲೆಗೆ ಉರುಳಿತ್ತು. ಒಂದು ಕೊಂಬು ಕೆಳಕ್ಕೆ ಬಾಗಿದ್ದಕ್ಕೆ ಸೊಟ್ಟಿ ಎಂದು ಹೆಸರು ಪಡೆದ ಎಮ್ಮೆ ಇನ್ನೊಂದು ಮೂಲೆಯಲ್ಲಿ ನಿಂತು, ಇವನು ದಾರ, ಯಾರಿವನು ಎನ್ನುವ ಹಾಗೆ ನೋಡುತ್ತಿತ್ತು.

“ಡಾಕ್ಟರೇ, ಏಟು ಬಿತ್ತಾ?” ಎಂದಳು ಮಾತಿ.

“ನಗಬೇಡ ಅಕ್ಕ. ಮೊದಲು ಎನ್ನ ಮೊಣಕಾಲು ನೋಡು.”

“ನಾ ಹೇಗೆ ಒಳಗೆ ಬರಲಿ? ನೀನೇ ನೋಡಿಕೋ. ಅದಕ್ಕೇ ಅಲ್ಲವಾ ಅಷ್ಟು ವರ್ಷ ಓದಿದ್ದು?”

ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಹೆತ್ತೆಗೆ ಎಲ್ಲ ಕೇಳಿಸಿತ್ತು. ಹೆತ್ತೆ ಎಂದರೆ ಅವರಿಬ್ಬರ ಅಜ್ಜಿ ಲಿಂಗಿ. ಕಣ್ಣು ಮಂಜಾಗಿದ್ದರೂ ಕಿವಿ, ನಾಲಿಗೆ ಎರಡೂ ಚುರುಕಾಗಿದ್ದವು.

“ಕಾಲಿಗೆ ಹಾಕಿದ ಆ ಎರಡು ಕೊಳವೆ ಕಳಚಿಬಿಡು ಅಂದು ಹೇಳು ಅವನಿಗೆ,” ಎಂದು ಕೂಗಿದಳು. “ಎಮ್ಮೆಗೆ ಅದರೊಳಗೆ ಮನುಷ್ಯ ಇದ್ದಾನೆ ಅಂದು ಹೇಗೆ ಗೊತ್ತಾಗಬೇಕು? ಸೋಪಿನ ವಾಸನೆ ಬೇರೆ. ಅಪ್ಪನ ಹೊದಿಕೆ ಹೊದ್ದುಕೊಂಡು ಹೋಗಲಿ.”

ಅಪ್ಪನ ಹೊದಿಕೆ ಹಾಲಿನ ಕೋಣೆಯ ಬಾಗಿಲ ಪಕ್ಕದ ಗೂಟದಲ್ಲಿ ಇನ್ನೂ ತೂಗುತ್ತಿತ್ತು. ದಪ್ಪ ಬಿಳಿ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ. ಅಪ್ಪ ತೀರಿಕೊಂಡ ಮೇಲೆ ಇವರ ಎಮ್ಮೆಗಳನ್ನು ಕರೆದುಕೊಡುತ್ತಿದ್ದವರು ಪಕ್ಕದ ಮನೆಯ ಮಹಾಲಿಂಗಂ ಚಿಕ್ಕಪ್ಪ. ಅವರೂ ಅದನ್ನೇ ಹೊದ್ದು ಕರೆಯುತ್ತಿದ್ದರು. ಇಲ್ಲದಿದ್ದರೆ ಸೊಟ್ಟಿ ಹಾಲು ಇಳಿಸುತ್ತಿರಲಿಲ್ಲ. ಹಾಲು, ಬೆಣ್ಣೆ, ಮನುಷ್ಯರ ಬೆವರು ಎಲ್ಲ ಸೇರಿ ಆ ಬಟ್ಟೆಗೆ ಒಂದು ಗಾಢವಾದ ವಾಸನೆ ಬಂದಿತ್ತು. ಭೋಜನ್ ಬಂದ ಮೊದಲ ದಿನವೇ ಅದನ್ನು ಕುದಿಯುವ ನೀರಿಗೆ ಹಾಕಬೇಕು ಎಂದಿದ್ದ. ಹೆತ್ತೆ ಕೈಕೋಲು ಎತ್ತಿದ ಮೇಲೆ ಸುಮ್ಮನಾಗಿದ್ದ.

ಈಗ ಅವನು ಪ್ಯಾಂಟು ಕಳಚಿ, ಮುಂಡು ಉಟ್ಟು, ಹೊದಿಕೆ ಹೊದ್ದು ಮತ್ತೆ ದೊಡ್ಡಿಗೆ ಹೋದ. ಸೊಟ್ಟಿ ಕತ್ತು ನೀಡಿ ಅವನ ಹೆಗಲನ್ನು ಮೂಸಿತು. ಒಮ್ಮೆ ಉಸಿರು ಬಿಟ್ಟು ಹಿಂಗಾಲು ಅಗಲಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಕೊಳಗದೊಳಗೆ ಹಾಲು ಬೀಳುವ ಸದ್ದು ಮಾತಿಗೆ ಕೇಳಿಸಿತು. ಮೊದಲು ಬಿಟ್ಟುಬಿಟ್ಟು ಕೇಳಿದ ಸದ್ದು ಆಮೇಲೆ ಅಪ್ಪ ಕರೆಯುವಾಗಿನ ಹಾಗೆ ಒಂದೇ ಸಮ ಆಯಿತು. ಅವಳು ಗಡ್ಡೆಯ ಮುಂದೆ ಬಂದು ಕೂತು, ಕುಡುಗೋಲನ್ನು ಪಾದದಡಿ ಒತ್ತಿಕೊಂಡಳು.

ನೀಲಗಿರಿಯ ಅವರ ಜನರ ಮನೆಗಳಲ್ಲಿ ಹಾಲು ಗಂಡಸರ ಕೆಲಸ. ಕರೆಯುವುದು, ಒಳಗಿನ ಹಾಲಿನ ಕೋಣೆಗೆ ಒಯ್ಯುವುದು, ಅಲ್ಲಿ ಹೆಪ್ಪು ಹಾಕುವುದು ಎಲ್ಲ ಅವರದೇ. ಹೆಂಗಸರು ಹೊಸ್ತಿಲ ಈಚೆ ಪಾತ್ರೆ ಹಿಡಿದು ನಿಂತರೆ ಬೇಕಾದಷ್ಟು ಸುರಿಯುತ್ತಾರೆ. ಮಾತಿ ಹುಟ್ಟಿದ್ದು ಈ ಮನೆಯಲ್ಲೇ. ಕೋತಗಿರಿಯ ಕಡೆಗೆ ಮದುವೆಯಾಗಿ ಹೋಗಿ, ಅಲ್ಲಿ ಹೊಂದಿಕೆಯಾಗದೆ, ಅವ್ವೆ ಸತ್ತ ವರ್ಷ ತಿರುಗಿ ಬಂದಿದ್ದಳು. ಹಾಗೆ ಬರುವುದು ಅವರಲ್ಲಿ ತಲೆ ತಗ್ಗಿಸುವ ವಿಷಯವಲ್ಲ. ಆಗ ಭೋಜನ್ ಇನ್ನೂ ಹಲ್ಲು ಬೀಳುತ್ತಿದ್ದ ಹುಡುಗ. ಅವನಿಗೆ ಹಿಟ್ಟು ಕಲಸಿ ತಿನ್ನಿಸಿ, ಊಟಿಯ ಶಾಲೆಗೆ ಕಳಿಸಿ, ಮದರಾಸಿಗೆ ಕಳಿಸಿ, ಕೊನೆಗೆ ಸ್ಕಾಟ್ಲೆಂಡಿನ ಹಡಗು ಹತ್ತಿಸಲು ಕೂನೂರಿನ ರೈಲಿನ ತನಕ ಹೋಗಿ ಕೈ ಬೀಸಿದವಳೂ ಅವಳೇ. ಹುಟ್ಟಿನಿಂದ ಇಲ್ಲಿಯ ತನಕ ಆ ಹಾಲಿನ ಕೋಣೆಯ ಒಳಗೋಡೆ ಯಾವ ಬಣ್ಣದ್ದು ಎಂದು ಅವಳು ನೋಡಿರಲಿಲ್ಲ.

ಭೋಜನ್ ಓದು ಮುಗಿಸಿ ಬಂದಿದ್ದ. ಆದರೆ ಬಂದದ್ದು ನಿಲ್ಲುವುದಕ್ಕೋ, ನೋಡಿ ಹೋಗುವುದಕ್ಕೋ ಅವನಿಗೇ ಗೊತ್ತಿರಲಿಲ್ಲ. ಅಲ್ಲಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಅವನಿಗೆ ಕೆಲಸ ಕೊಡಲು ಒಪ್ಪಿದ್ದರು. ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಮಂಗಳವಾರ ಊಟಿಯ ಸಂತೆಗೆ ಹೋದಾಗ ತಂತಿ ಕೊಡಬೇಕಿತ್ತು. ಹಟ್ಟಿಯಲ್ಲಿ ಎಲ್ಲರೂ ಅವನ ಪರವಾಗಿ ತೀರ್ಮಾನ ಮಾಡಿ ಮುಗಿಸಿದ್ದರು. ಒಬ್ಬರು ಹೆಣ್ಣು ಹುಡುಕಿದ್ದರು, ಇನ್ನೊಬ್ಬರು ಬಜಾರಿನಲ್ಲಿ ಔಷಧದಂಗಡಿಗೆ ಕೋಣೆ ನೋಡಿದ್ದರು. ಅವನು ಮಾತ್ರ ಒಂದು ದಿನ ಹೋಗುತ್ತೇನೆ ಎನ್ನುತ್ತಿದ್ದ, ಮರುದಿನ ಇರುತ್ತೇನೆ ಎನ್ನುತ್ತಿದ್ದ.

ಮಾತಿಗೆ ಅವನು ಇರಬೇಕು ಎಂದೇ ಆಸೆ. ಯಾರ ಮುಂದೆಯೂ ಹೇಳಿರಲಿಲ್ಲ. ಆದರೆ ಅವನು ಬಂದಾಗಿನಿಂದ ಅವಳಿಗೆ ಬೆಳಿಗ್ಗೆ ಒಲೆ ಹೊತ್ತಿಸುವುದೇ ಒಂದು ಸುಖವಾಗಿತ್ತು.

ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಹೊಲಕ್ಕೆ ಹೋದರು. ಅವನು ಸಾಲು ಎಳೆದ, ಅವಳು ಹೋಳುಗಳನ್ನು ಕಣ್ಣು ಮೇಲಾಗುವ ಹಾಗೆ ಇಟ್ಟು ಮಣ್ಣು ಮುಚ್ಚಿದಳು. ಅವನ ಸಾಲು ಸೊಟ್ಟಸೊಟ್ಟ.

“ಇದು ಸಾಲಾ, ಹಾವು ಹೋದ ದಾರಿಯಾ?”

“ಹಾವಿಗೂ ಗಡ್ಡೆ ಬೆಳೆಯಲಿ ಬಿಡು,” ಎಂದು ಅವನು ಗುದ್ದಲಿ ಒರಗಿಸಿ ಬೇಲಿಯ ಹತ್ತಿರ ಕೂತ. ಬೇಲಿಗೆ ಹಾಕಿದ್ದ ಮುಳ್ಳುಪೊದೆ ತುಂಬ ಹಳದಿ ಹೂ ಬಿಟ್ಟಿತ್ತು. ಒಂದು ಹೂ ಕಿತ್ತು ಬೆರಳಲ್ಲಿ ಹೊಸಕುತ್ತಾ ಹೇಳಿದ:

“ಅಲ್ಲಿಗೆ ಹೋದ ಮೊದಲ ವರ್ಷ, ಅಕ್ಕ, ಊರ ಹೊರಗೆ ಒಂದು ಗುಡ್ಡಕ್ಕೆ ಹೋದೆ. ನೋಡಿದರೆ ಇದೇ ಮುಳ್ಳು, ಇದೇ ಹೂ. ಎನಗೆ ಹೇಗಾಯಿತು ಗೊತ್ತಾ? ಅಲ್ಲೇ ಕೂತು ಅತ್ತುಬುಟ್ಟೆ.”

“ಏಕ?”

“ನಮ್ಮ ಹಟ್ಟಿಯ ಗಿಡ. ಇಷ್ಟು ದೂರ ಬಂದು, ಈ ಚಳಿಯಲ್ಲಿ ಒಂಟಿ ನಿಂತಿದೆಯಲ್ಲ, ದಾರು ಇದನ್ನ ಇಲ್ಲಿ ತಂದು ಬಿಟ್ಟರೋ ಪಾಪ ಅಂದು. ಒಂದು ರೆಂಬೆ ಮುರಿದುಕೊಂಡು ಹೋಗಿ, ನಾ ಇದ್ದ ಮನೆಯ ಅಮ್ಮನಿಗೆ ತೋರಿಸಿದೆ. ಇದು ನಮ್ಮ ನೀಲಗಿರಿಯ ಗಿಡ, ನಿಮಗೆ ಎಲ್ಲಿಂದ ಬಂತು ಅಂದು ಕೇಳಿದೆ.”

“ಏನಂದಳು?”

“ನಕ್ಕು ನಕ್ಕು ಕುರ್ಚಿಯ ಮೇಲೆ ಕೂತುಬುಟ್ಟಳು. ಅದು ಅವರದೇ ಗಿಡವಂತೆ. ದೊರೆಗಳು ಇಲ್ಲಿಗೆ ಬಂದಾಗ ಊರ ನೆನಪಾಗಿ ಬೀಜ ತರಿಸಿ ಹಾಕಿದ್ದಂತೆ.”

ಮಾತಿ ಬೇಲಿಯನ್ನು ಉದ್ದಕ್ಕೂ ನೋಡಿದಳು. ಅವಳು ಹುಟ್ಟುವ ಮೊದಲಿಂದಲೂ ಅದು ಅಲ್ಲೇ ಇತ್ತು. ಅದರ ಮುಳ್ಳಿಗೆ ಅವಳ ಎಷ್ಟೋ ಬಟ್ಟೆ ಹರಿದಿತ್ತು.

“ಅಯ್ಯೋ, ಇದು ನಮ್ಮದಲ್ಲವಾ?”

“ನೀನೂ ನೋಡು!” ಎಂದು ಅವನು ನಕ್ಕ. ಆಮೇಲೆ ನಗು ನಿಂತಿತು. “ಈಗ ಈ ಬೇಲಿ ನೋಡಿದರೆ ಆ ಗುಡ್ಡ ನೆನಪಾಗ್ತದೆ. ಅಲ್ಲಿದ್ದಾಗ ಇಲ್ಲಿಗಾಗಿ ಅತ್ತೆ. ಇನ್ನು ಇಲ್ಲಿ ಕೂತು ಅಲ್ಲಿಗಾಗಿ ಅಳೋದಾ? ಎನ್ನ ಕಣ್ಣೀರಿಗೆ ಒಂದು ಊರು ಅನ್ನೋದೇ ಇಲ್ಲೆ.”

“ಅಲ್ಲಿ ಏನು ಚೆಂದ?”

ಅವನು ಸ್ವಲ್ಪ ಯೋಚಿಸಿದ. ಮಳೆ, ಹೊಗೆ, ಉಪ್ಪು ಹಾಕಿದ ಗಂಜಿ, ಚೆಂದ ಏನೂ ಇಲ್ಲ ಎಂದ. ಆಮೇಲೆ ಆಸ್ಪತ್ರೆಯ ಮಾತು ಬಂತು. ಎದೆ ಕಟ್ಟಿ ಉಸಿರಾಡಲು ಒದ್ದಾಡುತ್ತಿದ್ದ ಒಂದು ಹೆಣ್ಣುಮಗು. ಬೆನ್ನಿಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟು ಕೇಳಿದರೆ ಒಣ ಎಲೆ ತುಳಿದ ಹಾಗೆ ಸದ್ದು. ಒಂದು ಬೆಳಿಗ್ಗೆ ಅದೇ ಜಾಗದಲ್ಲಿ ಕೊಳವೆ ಇಟ್ಟರೆ ಗಾಳಿ ಸಲೀಸಾಗಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. “ಅದನ್ನ ಕೇಳಿದ ಮೇಲೆ, ಅಕ್ಕ, ಆ ದಿನ ಎನಗೆ ಹಸಿವೇ ಆಗಲಿಲ್ಲೆ,” ಎಂದ. ಹೇಳುವಾಗ ಅವನ ಕೈ ಗಾಳಿಯಲ್ಲಿ ಕಾಣದ ಒಂದು ಪುಟ್ಟ ಬೆನ್ನನ್ನು ತಡವುತ್ತಿತ್ತು. ಮಾತಿ ಆ ಕೈಯನ್ನೇ ನೋಡಿದಳು.

“ಅದೇ ಕೆಲಸ ಇಲ್ಲಿ ಮಾಡು. ಇಲ್ಲಿ ಮಕ್ಕಳಿಲ್ಲವಾ?”

“ಸರ್ಕಾರದ ಆಸ್ಪತ್ರೆ ಅಂದರೆ ಬಯಲುಸೀಮೆಗೆ ಹಾಕ್ತಾರೆ, ಕಡಪೆಯೋ ಬಳ್ಳಾರಿಯೋ. ಆಗಲೂ ಮನೆಗೆ ಬಂದ ಹಾಗಾಗಲಿಲ್ಲೆ. ಇಲ್ಲೇ ಇರಬೇಕಾದರೆ ಬಜಾರಿನ ಕೋಣೆಯಲ್ಲಿ ಕೆಮ್ಮಿಗೆ ಔಷಧ ಕೊಟ್ಟುಕೊಂಡು ಇರಬೇಕು.” ಗುದ್ದಲಿ ಎತ್ತಿಕೊಂಡು ಎದ್ದ. “ಇರಲಿ ಬಿಡು. ಅದೂ ಕೆಲಸವೇ. ನಾ ಇಲ್ಲೇ ಇದ್ದುಬುಡ್ತೆ ಅಂದು ನಿನ್ನೆಯೇ ಯೋಚಿಸಿದೆ.”

ಮಾತಿ ಹೋಳಿನ ಬುಟ್ಟಿ ಕೆಳಗಿಟ್ಟಳು. “ದಿಟವಾ?”

“ಚಿಕ್ಕಪ್ಪ ಮಗನ ಅಂಗಡಿಗೆ ಅಂದು ಕೂನೂರಿನ ಪಕ್ಕ ವೆಲ್ಲಿಂಗ್ಟನ್ನಿಗೆ ಹೊರಟಿದ್ದಾರೆ. ನಾ ಹಡಗು ಹತ್ತಿದರೆ ಎಮ್ಮೆ ಕರೆಯೋಕೆ ದಾರ? ಈ ಮನೆಯಲ್ಲಿ ಇನ್ನು ಗಂಡು ಅಂದರೆ ನಾನೊಬ್ಬನೇ ಅಲ್ಲವಾ. ಬೆಳಿಗ್ಗೆ ಕರೆದು ಊಟಿಗೆ ಹೋಗಿ, ಸಂಜೆ ಬಂದು ಕರೆದರೆ ಆತು.”

ಅವನು ಅದನ್ನು ಬೇಸರವಿಲ್ಲದೆ ಹೇಳಿದ, ನಗುತ್ತಲೇ ಹೇಳಿದ. ಮುಂದಿನ ಸಾಲನ್ನು ನೆಟ್ಟಗೆ ಎಳೆಯಲು ತುಂಬ ಶ್ರಮಪಟ್ಟ. ಮಾತಿ ಹಿಂದೆ ಹಿಂದೆ ಹೋಳು ಇಡುತ್ತಾ ಬಂದಳು. ಖುಷಿಯಾಗಿತ್ತು. ಇವನಿಗೆ ರಾತ್ರಿ ಅವರೆಯ ಸಾರು ಮಾಡಬೇಕು ಎಂದು ಅಂದುಕೊಂಡಳು. ಅಷ್ಟರಲ್ಲಿ ಎರಡು ಹೋಳುಗಳನ್ನು ಕಣ್ಣು ಕೆಳಗಾಗುವ ಹಾಗೆ ಇಟ್ಟಿದ್ದು ಕಂಡು, ಮಣ್ಣು ಕೆದಕಿ ತಿರುಗಿಸಿ ಇಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಮಹಾಲಿಂಗಂ ಚಿಕ್ಕಪ್ಪ ಬಂದರು. ಬಂದವರು ಹೆತ್ತೆಯ ಮುಂದೆ ತಲೆ ಬಾಗಿಸಿದರು. ಹೆತ್ತೆ ತಲೆ ಮುಟ್ಟಿ “ಬದುಕು, ಬದುಕು” ಎಂದಳು.

“ಕೇಳಿದೆ, ಕೇಳಿದೆ,” ಎಂದರು ಚಿಕ್ಕಪ್ಪ ಭೋಜನ್ ಕಡೆ ತಿರುಗಿ. “ಸೊಟ್ಟಿ ದೊರೆಗೆ ಸಲಾಮು ಮಾಡಿತಂತೆ, ಹಿಂಗಾಲಲ್ಲಿ.”

“ನಿಂಗಳೂ ಒಂದು ಸಲ ಪ್ಯಾಂಟು ಹಾಕಿ ನೋಡಿ ಚಿಕ್ಕಪ್ಪ. ಆಗ ಗೊತ್ತಾಗ್ತದೆ.”

“ಎನಗೆ ಏಕಪ್ಪ? ಅಲ್ಲಿ ಹಂದಿ ತಿನ್ನುವವರ ಪಕ್ಕ ಕೂತು ಉಂಡವನು ನೀ. ಅಂಥವನನ್ನ ಹಾಲಿನ ಕೋಣೆಗೆ ಬಿಟ್ಟಳಲ್ಲ ನಿನ್ನ ಹೆತ್ತೆ, ಅವಳನ್ನ ಹೇಳಬೇಕು.”

“ಹೊಳೆಯಲ್ಲಿ ಮೀಯಿಸಿದ್ದೆ, ಒಂದು ಹೊತ್ತು ಉಪವಾಸ ಕೆಡವಿದ್ದೆ, ಅಷ್ಟು ಸಾಕು,” ಎಂದಳು ಹೆತ್ತೆ. “ದೇವರು ಕೇಳಿದರೆ ನಾ ಹೇಳ್ತೆ. ನಿನಗೆ ಏಕ ಆ ಚಿಂತೆ?”

“ಎನಗೆ ಚಿಂತೆ ಇಲ್ಲೆ. ನಾ ಬಂದದ್ದು ಬೇರೆ ವಿಷಯಕ್ಕೆ.” ಚಿಕ್ಕಪ್ಪ ಕೂತುಕೊಂಡರು. ಬರುವ ವಾರ ವೆಲ್ಲಿಂಗ್ಟನ್ನಿಗೆ ಹೊರಡುವುದು ಖಚಿತವಾಗಿತ್ತು. ಭೋಜನ್ ಹಡಗು ಹತ್ತುವುದಾದರೆ, ಇವರ ಎಮ್ಮೆಗಳನ್ನು ಮೇಲಿನ ಹಟ್ಟಿಯ ತನ್ನ ತಮ್ಮನ ದೊಡ್ಡಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದರು. ಈ ಹಟ್ಟಿಯ ಬೇರೆ ಮನೆಯವರಿಗೆ ಅವರವರ ಎಮ್ಮೆಗಳೇ ಸಾಕಾಗಿದ್ದವು. “ಹಾಲಿನ ಕೋಣೆಗೆ ಬೀಗ ಹಾಕಿ. ನಿಮಗೆ ಬೇಕಾದ ಹಾಲು ದಿನಾ ಕಳಿಸಿಕೊಡುತ್ತಾನೆ. ಇಬ್ಬರು ಹೆಂಗಸರಿಗೆ ಎಷ್ಟು ಬೇಕು?”

ಸೊಟ್ಟಿಯ ಅಜ್ಜಿಯ ಅಜ್ಜಿ ಹೆತ್ತೆಯ ಮದುವೆಯ ದಿನ ಅವಳ ಹಿಂದೆ ನಡೆದು ಬಂದ ಎಮ್ಮೆ. ಅದನ್ನು ಅವಳು ಸಾವಿರ ಸಲ ಹೇಳಿದ್ದಳು. ಇವತ್ತು ಹೇಳಲಿಲ್ಲ. ಕೈಕೋಲಿನ ತುದಿಯಿಂದ ನೆಲದಲ್ಲಿ ಏನನ್ನೋ ಕೆದಕುತ್ತಾ ಕೂತಳು.

“ಬೇಡ ಚಿಕ್ಕಪ್ಪ,” ಎಂದ ಭೋಜನ್. “ಎಮ್ಮೆ ಎಲ್ಲಿಗೂ ಹೋಗೋದಿಲ್ಲೆ. ನಾ ಇಲ್ಲೇ ಇರ್ತೆ. ನಾನೇ ಕರೀತೆ.”

ಹೆತ್ತೆಯ ಮುಖ ಅರಳಿತು. “ಬಾ ಇಲ್ಲಿ,” ಎಂದು ಕರೆದು ಅವನ ತಲೆಯ ಮೇಲೆ ಎರಡೂ ಕೈ ಇಟ್ಟಳು. ಚಿಕ್ಕಪ್ಪ “ಅದು ಮಾತು!” ಎಂದು ತೊಡೆ ತಟ್ಟಿದರು, ಮಂಗಳವಾರ ತಂತಿ ಕೊಡಲು ತಾವೂ ಜೊತೆಗೆ ಬರುವುದಾಗಿ ಹೇಳಿದರು. ಮಾತಿ ಒಳಗೆ ಹೋಗಿ ಕಾಫಿ ಕಾಯಿಸಿ ತಂದು ಕೊಟ್ಟಳು. ಎಲ್ಲರೂ ಬೆಲ್ಲ ಹೆಚ್ಚಾಗಿದೆ ಎಂದು ನಕ್ಕರು.

ಚಿಕ್ಕಪ್ಪ ಹೋದ ಮೇಲೆ ಸಂಜೆಯ ಹಾಲು ಕರೆದಾಯಿತು. ಮಾತಿ ಸಗಣಿ ಬಳಿಯಲು ದೊಡ್ಡಿಗೆ ಹೋದಳು. ಕರೆದು ಮುಗಿದ ಮೇಲೆ ಹೆಂಗಸರು ಒಳಗೆ ಹೋಗಬಹುದು. ಭೋಜನ್ ಅಲ್ಲೇ ಇದ್ದ. ಅಪ್ಪನ ಹೊದಿಕೆ ಹೊದ್ದೇ ಕಿವಿಗೆ ತನ್ನ ಕೊಳವೆ ಸಿಕ್ಕಿಸಿಕೊಂಡು, ಅದರ ಇನ್ನೊಂದು ತುದಿಯನ್ನು ಸೊಟ್ಟಿಯ ಮುಂಗಾಲಿನ ಹಿಂದೆ ಒತ್ತಿ ನಿಂತಿದ್ದ.

“ಅದಕ್ಕೂ ಕೆಮ್ಮಾ?”

“ಶ್. ಬಾ ಇಲ್ಲಿ, ಕೇಳು.”

ಅವನು ಕೊಳವೆಯನ್ನು ಅವಳ ಕಿವಿಗೆ ಸಿಕ್ಕಿಸಿದ. ಮೊದಲು ಬರೀ ಗೊರಗೊರ. ಆಮೇಲೆ ಎಲ್ಲೋ ಆಳದಲ್ಲಿ, ದೂರದ ಮನೆಯಲ್ಲಿ ಯಾರೋ ಸಾಮೆ ಕುಟ್ಟುತ್ತಿರುವ ಹಾಗೆ ದೊಡ್ಡದೊಂದು ಸದ್ದು, ನಿಧಾನವಾಗಿ, ಬಿಡದೆ. ಮಾತಿ ಬೆರಗಾಗಿ ಅವನ ತೋಳು ಹಿಡಿದುಕೊಂಡಳು. ಇಷ್ಟು ವರ್ಷ ಈ ಎಮ್ಮೆಗೆ ಹುಲ್ಲು ಹಾಕಿದ್ದಳು, ಅದು ಹೀಗೆ ಬಡಿಯುತ್ತದೆ ಎಂದು ತಿಳಿದಿರಲಿಲ್ಲ.

“ಕೇಳಿತಾ?”

“ಕೇಳಿತು.”

ಅವನು ಕೊಳವೆ ಹಿಂದೆ ತೆಗೆದುಕೊಂಡು ಮತ್ತೆ ಕೇಳತೊಡಗಿದ. ಕಣ್ಣು ಮುಚ್ಚಿದ. ತುಟಿ ಸಣ್ಣಗೆ ಅಲುಗುತ್ತಿತ್ತು. ಮಾತಿ ಏನೋ ಕೇಳಿದಳು, ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದಳು. ಅವನು ಅಲ್ಲಿ ಇರಲಿಲ್ಲ. ಚಿಕ್ಕವನಿದ್ದಾಗ ನಿದ್ದೆಯಲ್ಲಿ ಹಾಗೆ ಇರುತ್ತಿದ್ದ, ಸುತ್ತ ಏನಾದರೂ ಆಗಲಿ ಅದೊಂದು ನೆಮ್ಮದಿಯ ಮುಖ. ಬಂದಾಗಿನಿಂದ ಅವನು ಎಷ್ಟೋ ಸಲ ನಕ್ಕಿದ್ದ, ಹಾಡಿದ್ದ, ಹೆತ್ತೆಯನ್ನು ಎತ್ತಿಕೊಂಡು ಕುಣಿದಿದ್ದ. ಈ ಮುಖವನ್ನು ಮಾತ್ರ ಅವಳು ಇವತ್ತೇ ನೋಡಿದ್ದು. ಹೊಲದಲ್ಲಿ ಆ ಮಗುವಿನ ಬೆನ್ನಿನ ಮಾತು ಬಂದಾಗ ಒಂದು ಗಳಿಗೆ ಕಂಡು ಮರೆಯಾಗಿತ್ತು.

ಅವನು ಕಣ್ಣು ತೆರೆದು, “ಗಟ್ಟಿ ಹೃದಯ. ಇನ್ನೂ ಎಷ್ಟೋ ಕರು ಹಾಕ್ತದೆ,” ಎಂದ. ಕೊಳವೆಯನ್ನು ಸುತ್ತಿ ಮುಂಡಿನ ಸೊಂಟಕ್ಕೆ ಸಿಕ್ಕಿಸಿದ. ಹೊದಿಕೆ ಕಳಚಿ ಗೋಡೆಯ ಮೇಲೆ ಹಾಕಿ, ಮುಖ ತೊಳೆಯಲು ಹೊಳೆಗೆ ಹೊರಟ. ಹೋಗುತ್ತಾ ಚಿಕ್ಕಂದಿನ ಹಾಗೆ ಅವಳ ತಲೆಬಟ್ಟೆಯನ್ನು ಎಳೆದು ಬಿಚ್ಚಿ ಓಡಿದ.

“ನಿನ್ನ ಕೈ ಮುರಿಯ!” ಎಂದಳು ಮಾತಿ. ನಗುತ್ತಾ ತಲೆಬಟ್ಟೆಯನ್ನು ಮತ್ತೆ ಕಟ್ಟಿಕೊಂಡಳು.

ದೊಡ್ಡಿಯಲ್ಲಿ ಅವಳು, ಎಮ್ಮೆಗಳು. ಗೋಡೆಯ ಮೇಲೆ ಹೊದಿಕೆ. ಅದನ್ನು ಮಡಚಿ ಗೂಟಕ್ಕೆ ಹಾಕಬೇಕು ಎಂದು ಎತ್ತಿಕೊಂಡಳು. ಅದರ ಭಾರ ಅವಳು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಮಡಚಲಿಲ್ಲ. ಹೆಗಲ ಮೇಲೆ ಹಾಕಿಕೊಂಡಳು. ಅಪ್ಪ ಹೊದೆಯುತ್ತಿದ್ದ ಹಾಗೆ ಒಂದು ತುದಿಯನ್ನು ಎಡಗೈಯಡಿ ತಂದು ಹಿಂದಕ್ಕೆ ಎಸೆದುಕೊಂಡಳು. ನೋಡಿ ನೋಡಿ ಗೊತ್ತಿತ್ತು.

ಸೊಟ್ಟಿ ಕತ್ತು ತಿರುಗಿಸಿತು. ಅವಳ ಹೆಗಲನ್ನು ಮೂಸಿತು. ಒದ್ದೆಯಾದ ಬಿಸಿ ಉಸಿರು ಕೊರಳಿಗೆ ತಾಗಿತು. ಮಾತಿ ಅಲುಗಲಿಲ್ಲ. ಎಮ್ಮೆ ಹಿಂಗಾಲು ಅಗಲಿಸಿ ನಿಂತಿತು.

ಅವಳು ಕುಕ್ಕರಗಾಲಲ್ಲಿ ಕೂತು ಕೆಚ್ಚಲಿಗೆ ಅಂಗೈ ಒತ್ತಿದಳು. ಕರೆದು ಮುಗಿದಿತ್ತು, ಆದರೂ ಬೆರಳು ಎಳೆದಾಗ ಎರಡು ಹನಿ ಅವಳ ಮುಂಗೈಗೆ ಬಿತ್ತು. ಬೆಚ್ಚಗಿತ್ತು. ಒರೆಸಿಕೊಳ್ಳದೆ ಅದನ್ನೇ ನೋಡಿದಳು. ಹೆಂಗಸು ಕರೆದ ಹಾಲಿನ ಬೆಣ್ಣೆಯನ್ನು ಹಬ್ಬಕ್ಕೆ ದೇವರ ಮನೆಗೆ ಕೊಡುವಂತಿಲ್ಲ. ಹಟ್ಟಿಯಲ್ಲಿ ಎಷ್ಟು ಮನೆಯವರು ಈ ಮನೆಯ ಮಜ್ಜಿಗೆ ಕುಡಿಯುತ್ತಾರೋ, ಎಷ್ಟು ಮನೆಯವರು ಬಿಡುತ್ತಾರೋ. ಹೆತ್ತೆ ಕೈಕೋಲು ಎತ್ತುತ್ತಾಳೆ. ಆಮೇಲೆ, ಎಮ್ಮೆ ಕಣ್ಣೆದುರೇ ಉಳಿಯಿತಲ್ಲ ಎಂದು ಕೈಕೋಲು ಇಳಿಸುತ್ತಾಳೋ ಏನೋ. ಸಮುದ್ರ ದಾಟಿ ಬಂದವನನ್ನು ಹೊಳೆಯಲ್ಲಿ ಮೀಯಿಸಿ ಒಳಗೆ ಬಿಟ್ಟವಳು. ಹೆತ್ತೆ ಒಪ್ಪದಿದ್ದರೂ ಮಾತಿ ಒಂದು ಹೊತ್ತು ಉಪವಾಸ ಇದ್ದು, ಹೊಳೆಯಲ್ಲಿ ಮಿಂದು, ಆ ಹೊಸ್ತಿಲು ದಾಟುವವಳೇ. ಹಾಲನ್ನು ಇಡಲು ಬೇರೆ ಜಾಗವಿಲ್ಲ.

ಅವನು ಇರಲಿ ಎಂಬ ಆಸೆ ಹೋಗಿರಲಿಲ್ಲ. ಇನ್ನೂ ಹಾಗೇ ಇತ್ತು. ಅದಕ್ಕೇ ಎದ್ದು ನಿಲ್ಲಲು ಅವಳಿಗೆ ಇಷ್ಟು ಹೊತ್ತು ಹಿಡಿಯಿತು. ಅವಳು ಸುಮ್ಮನಿದ್ದರೆ ಸಾಕಿತ್ತು, ಮಂಗಳವಾರ ತಾನಾಗಿ ಬರುತ್ತಿತ್ತು, ತಂತಿ ಹೋಗುತ್ತಿತ್ತು. ಪ್ರತಿ ಸಂಜೆ ಅವನು ಊಟಿಯಿಂದ ಬರುತ್ತಿದ್ದ. ನಗುತ್ತಲೇ ಬರುತ್ತಿದ್ದ, ಅದೂ ಅವಳಿಗೆ ಗೊತ್ತಿತ್ತು. ಎಮ್ಮೆ ಕರೆಯುವವರು ಮನೆಯಲ್ಲೇ ಇದ್ದಾರೆ ಎಂದಾದ ಮೇಲೂ ಅವನು ಉಳಿದರೆ, ಆಗ ಅವಳು ಹೊಟ್ಟೆ ತುಂಬ ಸಂತೋಷಪಡಬಹುದು. ಹೋದರೆ ಕೂನೂರಿನ ತನಕ ಹೋಗಿ ಕೈ ಬೀಸಬೇಕು. ಒಂದು ಸಲ ಬೀಸಿದ ಕೈಯೇ.

“ಮಾತೀ!” ಜಗಲಿಯಿಂದ ಹೆತ್ತೆಯ ಕೂಗು. “ದೊಡ್ಡಿಯಲ್ಲಿ ಇಷ್ಟು ಹೊತ್ತು ಏನ ಮಾಡ್ತಿಯೆ ಕೂಸೇ?”

“ಸಗಣಿ ಬಳೀತೆ ಹೆತ್ತೆ.”

“ನಾಳೆ ಆಗದಾ?”

“ನಾಳೆ ಬೇರೆ ಕೆಲಸ ಇದೆ.”

ಹೊದಿಕೆಯನ್ನು ಹೆಗಲಿಂದ ತೆಗೆದು ಮಡಚಿ, ತನ್ನ ಮೇಲ್ವಸ್ತ್ರದ ಮರೆಯಲ್ಲಿ ಒಳಗೆ ತಂದಳು. ಹಾಲಿನ ಕೋಣೆಯ ಪಕ್ಕದ ಗೂಟವನ್ನು ದಾಟಿ ಅಡಿಗೆಮನೆಗೆ ಹೋದಳು. ತಾನು ಮಲಗುವ ಚಾಪೆಯ ತಲೆಯ ಕಡೆ ಅದನ್ನು ಇಟ್ಟು, ಮೇಲೆ ತನ್ನ ಕಂಬಳಿ ಎಳೆದಳು. ಬೆಳಿಗ್ಗೆ ಅವನು ತಡವಾಗಿ ಏಳುವವನು. ಅವಳು ಯಾವಾಗಲೂ ಮೊದಲು ಏಳುವವಳು.

ಆಮೇಲೆ ಕುಡುಗೋಲು ತೊಳೆದಿಟ್ಟು, ಸಾರಿಗೆ ಅವರೆ ಬಿಡಿಸಲು ಕೂತಳು.